ರಾಷ್ಟ್ರಪತಿ ನಿವಾಸ, ಶಿಮ್ಲಾ : ಇತಿಹಾಸ ಮತ್ತು ವಾಸ್ತುಶಿಲ್ಪ

ಪೀಠಿಕೆ

ಹಿಮಾಚಲ ಪ್ರದೇಶದ ರಾಜಧಾನಿ ಶಿಮ್ಲಾ ನಗರದ ಪಶ್ಚಿಮ ಭಾಗದಲ್ಲಿರುವ ಅಬ್ಸರ್ವೇಟರಿ ಬೆಟ್ಟದ ನೆತ್ತಿಯ ಮೇಲೆ ಬೂದು ಬಣ್ಣದ ಕಲ್ಲಿನ ಭವ್ಯ ಭವನವೊಂದು ನಿಂತಿದೆ. 1888ರಲ್ಲಿ ಬ್ರಿಟಿಷ್ ವೈಸರಾಯ್‌ಗಳ ಬೇಸಿಗೆಯ ನಿವಾಸವಾಗಿ ಸಿದ್ಧಗೊಂಡ ಈ ಭವನವು ಮೊದಲು ವೈಸ್‌ರೀಗಲ್ ಲಾಡ್ಜ್ ಎಂಬ ಹೆಸರಿನಿಂದಲೂ, ಸ್ವಾತಂತ್ರ್ಯಾನಂತರ ರಾಷ್ಟ್ರಪತಿ ನಿವಾಸ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. 1965ರಿಂದ ಇದು ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ಕೇಂದ್ರಸ್ಥಾನವಾಗಿದೆ.

ದೂರದ ಶಿಮ್ಲಾದ ಈ ಭವನಕ್ಕೂ ಕರ್ನಾಟಕಕ್ಕೂ ಎರಡು ನೇರ ಸಂಬಂಧಗಳಿವೆ. ಇದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರೇ ಮುಂದೆ ಮೈಸೂರಿನ ಅಂಬಾವಿಲಾಸ ಅರಮನೆಯ ವಿನ್ಯಾಸವನ್ನು ರೂಪಿಸಿದರು. ಈ ಭವನವನ್ನು ವಿದ್ವಾಂಸರಿಗೆ ಬಿಟ್ಟುಕೊಡಲು ಕಾರಣರಾದ ರಾಷ್ಟ್ರಪತಿ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪಾರಂಪರಿಕ ಕಟ್ಟಡಗಳ ಬಗ್ಗೆ ಆಸಕ್ತಿಯುಳ್ಳ ಸಾರ್ವಜನಿಕರು, ವಿದ್ಯಾರ್ಥಿಗಳು ಹಾಗೂ ಹಳೆಯ ಕಟ್ಟಡಗಳ ಮಾಲೀಕರ ಉಪಯೋಗಕ್ಕಾಗಿ ಸದರಿ ಭವನದ ಇತಿಹಾಸ, ರಚನೆ ಮತ್ತು ಸಂರಕ್ಷಣೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಒಂದು ನೋಟದಲ್ಲಿ

• ಸ್ಥಳ : ಅಬ್ಸರ್ವೇಟರಿ ಬೆಟ್ಟ, ಶಿಮ್ಲಾ, ಹಿಮಾಚಲ ಪ್ರದೇಶ
• ಮೂಲ ಹೆಸರು : ವೈಸ್‌ರೀಗಲ್ ಲಾಡ್ಜ್
• ಗೃಹಪ್ರವೇಶ : 23 ಜುಲೈ 1888
• ವಾಸ್ತುಶಿಲ್ಪಿ : ಹೆನ್ರಿ ಇರ್ವಿನ್
• ನಿರ್ಮಾಣ ವೆಚ್ಚ : ಸುಮಾರು 38 ಲಕ್ಷ ರೂಪಾಯಿ
• ಶೈಲಿ : ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಾಲದ ಶೈಲಿಯ ಪುನರುಜ್ಜೀವನ
• ಈಗಿನ ಬಳಕೆ : ಭಾರತೀಯ ಉನ್ನತ ಅಧ್ಯಯನ ಸಂಸ್ಥೆ (1965ರಿಂದ)

ಸ್ಥಳ ಪರಿಚಯ

ಶಿಮ್ಲಾ ನಗರವು ಸಮುದ್ರ ಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿ, ಉದ್ದನೆಯ ಬೆಟ್ಟದ ಏಣೊಂದರ ಮೇಲೆ ಹರಡಿಕೊಂಡಿದೆ. ಈ ಏಣು ಎರಡು ನದೀ ಪಾತ್ರಗಳನ್ನು ಬೇರ್ಪಡಿಸುವ ಜಲವಿಭಾಜಕವಾಗಿದೆ. ಇದರ ಒಂದು ಮಗ್ಗುಲಿಗೆ ಬಿದ್ದ ಮಳೆನೀರು ಸಟ್ಲೆಜ್ ನದಿಯನ್ನು ಸೇರಿ ಅರಬ್ಬೀ ಸಮುದ್ರದ ಕಡೆಗೂ, ಇನ್ನೊಂದು ಮಗ್ಗುಲಿಗೆ ಬಿದ್ದ ನೀರು ಯಮುನಾ ನದಿಯ ಮೂಲಕ ಬಂಗಾಳ ಕೊಲ್ಲಿಯ ಕಡೆಗೂ ಹರಿಯುತ್ತದೆ. ಸದರಿ ಏಣಿನ ಪಶ್ಚಿಮ ಭಾಗದಲ್ಲಿರುವ ಎತ್ತರದ ಬೆಟ್ಟಗಳಲ್ಲಿ ಅಬ್ಸರ್ವೇಟರಿ ಬೆಟ್ಟವೂ ಒಂದು. ಸಮೀಪದಲ್ಲಿಯೇ ಸಮ್ಮರ್ ಹಿಲ್ ಮತ್ತು ಪ್ರಾಸ್ಪೆಕ್ಟ್ ಹಿಲ್ ಎಂಬ ಬೆಟ್ಟಗಳಿವೆ.

ಬೆಟ್ಟದ ಹೆಸರಿನಲ್ಲಿಯೇ ಅದರ ಹಿಂದಿನ ಇತಿಹಾಸ ಅಡಗಿದೆ. 1840ರ ದಶಕದಲ್ಲಿ ಸೈನ್ಯದ ಎಂಜಿನಿಯರ್ ಆಗಿದ್ದ ಜೆ.ಟಿ. ಬಾಲೊ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಇಲ್ಲಿ ಭೂಕಾಂತತೆಯನ್ನು ಅಳೆಯುವ ವೀಕ್ಷಣಾಲಯವು ಕಾರ್ಯ ನಿರ್ವಹಿಸುತ್ತಿತ್ತು. ಶಿಮ್ಲಾದ ಪ್ರಸಿದ್ಧ ಕ್ರೈಸ್ಟ್ ಚರ್ಚಿನ ವಿನ್ಯಾಸವೂ ಇದೇ ಅಧಿಕಾರಿಯದು. ಬೆಟ್ಟದ ತಪ್ಪಲಿನ ಪೇಟೆಗೆ ಈ ಮನೆತನದಿಂದಲೇ ಹೆಸರು ಬಂದಿದ್ದು, ಸ್ಥಳೀಯರ ಮಾತಿನಲ್ಲಿ ಅದು ಇಂದಿಗೂ ಬಾಲೂಗಂಜ್ ಎಂದು ಬಳಕೆಯಲ್ಲಿದೆ.

ನಿರ್ಮಾಣದ ಹಿನ್ನೆಲೆ

ಸರ್ ಜಾನ್ ಲಾರೆನ್ಸ್ ವೈಸರಾಯ್ ಆಗಿದ್ದಾಗ, 1864ರಲ್ಲಿ, ಶಿಮ್ಲಾ ನಗರವನ್ನು ಬ್ರಿಟಿಷ್ ಭಾರತದ ಬೇಸಿಗೆಯ ರಾಜಧಾನಿಯನ್ನಾಗಿ ಮಾಡಲಾಯಿತು. ಅಂದಿನಿಂದ ಪ್ರತಿವರ್ಷ ಬೇಸಿಗೆಯಲ್ಲಿ ಸರ್ಕಾರದ ಕಚೇರಿಗಳು, ಕಡತಗಳು ಹಾಗೂ ಸಿಬ್ಬಂದಿ ವರ್ಗ ಕಲ್ಕತ್ತಾದಿಂದ ಶಿಮ್ಲಾಕ್ಕೆ ಸ್ಥಳಾಂತರಗೊಳ್ಳುತ್ತಿದ್ದವು. ವರ್ಷದ ದೀರ್ಘ ಅವಧಿಗೆ ಕೋಟ್ಯಂತರ ಜನರ ಆಡಳಿತವು ಬೆಟ್ಟದ ಮೇಲಿನ ಈ ಪುಟ್ಟ ಪಟ್ಟಣದಿಂದಲೇ ನಡೆಯುತ್ತಿತ್ತು.

ಇಷ್ಟಾದರೂ ವೈಸರಾಯ್‌ಗೆ ಸ್ವಂತ ನಿವಾಸವಿರಲಿಲ್ಲ. 1860ರ ದಶಕದ ಆರಂಭದಿಂದ 1888ರವರೆಗೆ ಪೀಟರ್‌ಹಾಫ್ ಎಂಬ ಮನೆಯಲ್ಲಿ ವೈಸರಾಯ್‌ಗಳು ವಾಸಿಸುತ್ತಿದ್ದರು. ಕಿರಿದಾದ ಸ್ಥಳದಲ್ಲಿದ್ದ ಆ ಮನೆಯು ಔತಣಕೂಟಗಳಿಗಾಗಲಿ ಆಡಳಿತ ಸಭೆಗಳಿಗಾಗಲಿ ಸಾಲುತ್ತಿರಲಿಲ್ಲ. 1876ರಿಂದ 1880ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಲಿಟ್ಟನ್ ಅದನ್ನು ಹಂದಿಗೂಡಿಗೆ ಹೋಲಿಸಿ ಬೇಸರಪಟ್ಟಿದ್ದುಂಟು. ಹೊಸ ನಿವಾಸಕ್ಕೆ ಅಬ್ಸರ್ವೇಟರಿ ಬೆಟ್ಟವನ್ನು ಆಯ್ಕೆ ಮಾಡಿದ್ದು ಲಿಟ್ಟನ್ ಅವಧಿಯಲ್ಲಿ. ಯೋಜನೆಯು ಕಾರ್ಯರೂಪಕ್ಕೆ ಬಂದು ಪೂರ್ಣಗೊಂಡದ್ದು 1884ರಿಂದ 1888ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಅವಧಿಯಲ್ಲಿ.

ನಿರ್ಮಾಣ ಕಾರ್ಯ

ಭವನದ ವಿನ್ಯಾಸ ಮತ್ತು ಕಾಮಗಾರಿಯ ಹೊಣೆಯನ್ನು ಲೋಕೋಪಯೋಗಿ ಇಲಾಖೆಯ ಹೆನ್ರಿ ಇರ್ವಿನ್ ಅವರಿಗೆ ವಹಿಸಲಾಯಿತು. ಲಾರ್ಡ್ ಡಫರಿನ್ ನಿರ್ಮಾಣದಲ್ಲಿ ವೈಯಕ್ತಿಕ ಆಸಕ್ತಿ ವಹಿಸಿ, ಆಗಾಗ ಸ್ಥಳ ಪರಿಶೀಲನೆ ನಡೆಸಿ, ನಕ್ಷೆಯಲ್ಲಿ ಮಾರ್ಪಾಡುಗಳನ್ನು ಸೂಚಿಸುತ್ತಿದ್ದರು.

ಮೊದಲನೆಯ ಕಾರ್ಯವೆಂದರೆ ಬೆಟ್ಟದ ನೆತ್ತಿಯನ್ನು ಸಮತಟ್ಟು ಮಾಡುವುದು. ಇಂತಹ ದೊಡ್ಡ ಕಟ್ಟಡಕ್ಕೆ ಬೇಕಾದ ಸಮನಾದ ನೆಲವು ಬೆಟ್ಟದ ಮೇಲೆ ಸಹಜವಾಗಿ ಇರಲಿಲ್ಲ. ಆದ್ದರಿಂದ ತುದಿಯನ್ನು ಕಡಿದು ನೆಲವನ್ನು ಹದಗೊಳಿಸಲಾಯಿತು. ಎರಡನೆಯ ಸಮಸ್ಯೆ ಸಾಗಾಣಿಕೆಯದು. ಕಾಲ್ಕಾ–ಶಿಮ್ಲಾ ರೈಲು ಮಾರ್ಗವು ಸಂಚಾರಕ್ಕೆ ತೆರೆದುದು 1903ರಲ್ಲಿ. ಬೆಟ್ಟದ ಬುಡದಲ್ಲಿರುವ ಕಾಲ್ಕಾಕ್ಕೆ ರೈಲು ತಲುಪಿದ್ದೇ 1891ರಲ್ಲಿ. ಭವನವು ಮೇಲೇಳುತ್ತಿದ್ದ ದಿನಗಳಲ್ಲಿ ಬೆಟ್ಟದ ಹಾದಿಯಲ್ಲಿ ರೈಲು ಇರಲಿಲ್ಲ. ಮರಮುಟ್ಟು, ಕಬ್ಬಿಣ, ಗಾಜು ಹಾಗೂ ಪೀಠೋಪಕರಣಗಳೆಲ್ಲವೂ ಬಂಡಿಗಳಲ್ಲಿ, ಹೇಸರಗತ್ತೆಗಳ ಬೆನ್ನ ಮೇಲೆ ಮತ್ತು ಕೂಲಿಯಾಳುಗಳ ಹೆಗಲ ಮೇಲೆ ಬೆಟ್ಟವೇರಬೇಕಾಗಿತ್ತು.

ಕಟ್ಟಡಕ್ಕೆ ಎರಡು ಬಗೆಯ ಕಲ್ಲನ್ನು ಬಳಸಲಾಗಿದೆ. ಗೋಡೆಗಳಿಗೆ ಸಮೀಪದ ಬೆಟ್ಟಗಳಲ್ಲಿ ದೊರೆತ ನಸುನೀಲಿ ಛಾಯೆಯ ಬೂದು ಕಲ್ಲನ್ನೂ, ಕಮಾನು, ಕಿಟಕಿ ಚೌಕಟ್ಟು ಮುಂತಾದ ಕೆತ್ತನೆಯ ಭಾಗಗಳಿಗೆ ಕಾಲ್ಕಾ ಕಡೆಯಿಂದ ಹೇಸರಗತ್ತೆಗಳ ಮೇಲೆ ತರಿಸಿದ ಮರಳುಗಲ್ಲನ್ನೂ ಉಪಯೋಗಿಸಲಾಯಿತು.

ಈ ಕಲ್ಲು ಗಾರೆಗಳನ್ನು ಹೊತ್ತವರ ಹೆಸರುಗಳು ನಮಗೆ ಉಳಿದುಬಂದಿಲ್ಲ. ವೈಸರಾಯ್ ಅವರ ಪತ್ನಿ ಲೇಡಿ ಡಫರಿನ್ ಬರೆದಿಟ್ಟ ದಿನಚರಿಯಲ್ಲಿ ಮಾತ್ರ ಅವರ ಚಿತ್ರಣವೊಂದು ಸಿಗುತ್ತದೆ. ಸರ, ಬಳೆ, ಓಲೆಗಳನ್ನು ಧರಿಸಿ, ತಲೆಯ ಮೇಲೆ ಗಾರೆ ತುಂಬಿದ ದೊಡ್ಡ ಮಣ್ಣಿನ ಬೋಗುಣಿಯನ್ನು ಹೊತ್ತು ಕೆಲಸ ಮಾಡುತ್ತಿದ್ದ ಯುವತಿಯರನ್ನು ಅವರು ಅಲ್ಲಿ ವರ್ಣಿಸಿದ್ದಾರೆ. ಶಿಮ್ಲಾ ಸುತ್ತಲಿನ ಗುಡ್ಡಗಾಡಿನ ಹಳ್ಳಿಗರಿಂದ ಅಧಿಕಾರಿಗಳ ಸರಂಜಾಮು ಹೊರಿಸುವ ಬಿಟ್ಟಿ ಚಾಕರಿಯ ಪದ್ಧತಿಯು ಆ ಕಾಲದಲ್ಲಿ ಬಳಕೆಯಲ್ಲಿತ್ತು. ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ ಅವರ ಮುಂದಾಳತ್ವದಲ್ಲಿ 1921ರಲ್ಲಿ ಅದರ ವಿರುದ್ಧ ಚಳವಳಿ ನಡೆಯಿತು ಎಂಬುದನ್ನು ಈ ಭವನದ ವೈಭವವನ್ನು ನೋಡುವಾಗ ಮರೆಯಲಾಗದು.

1888ರ ಜುಲೈ 23ರಂದು ಡಫರಿನ್ ದಂಪತಿಗಳು ನೂತನ ಭವನವನ್ನು ಪ್ರವೇಶಿಸಿದರು. ಭವನಕ್ಕೆ ತಗುಲಿದ ವೆಚ್ಚ ಸುಮಾರು 38 ಲಕ್ಷ ರೂಪಾಯಿ. ಇಷ್ಟೆಲ್ಲ ಆಸಕ್ತಿ ವಹಿಸಿದ್ದ ಡಫರಿನ್ ಅವರು ಅದೇ ವರ್ಷದ ಕೊನೆಯಲ್ಲಿ ಅಧಿಕಾರಾವಧಿ ಮುಗಿಸಿ ಭಾರತದಿಂದ ನಿರ್ಗಮಿಸಿದ್ದರಿಂದ, ತಾವು ಕಟ್ಟಿಸಿದ ಮನೆಯಲ್ಲಿ ಅವರು ಕೆಲವೇ ತಿಂಗಳು ವಾಸಿಸಿದಂತಾಯಿತು.

ಹೊರ ವಿನ್ಯಾಸ

ಭವನವನ್ನು ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಾಲದ (16ನೆಯ ಶತಮಾನದ) ದೊಡ್ಡ ಮನೆಗಳ ಮಾದರಿಯಲ್ಲಿ ನಿರ್ಮಿಸಲಾಗಿದೆ. ಸ್ಕಾಟ್ಲೆಂಡಿನ ಕೋಟೆಮನೆಗಳ ಛಾಯೆಯೂ ಇದರಲ್ಲಿ ಎದ್ದುಕಾಣುತ್ತದೆ. ಮುಖ್ಯ ಕಟ್ಟಡವು ಮೂರು ಅಂತಸ್ತುಗಳನ್ನು ಹೊಂದಿದೆ. ಇಳಿಜಾರಿನ ಮೇಲೆ ನಿಂತಿರುವ ಅಡುಗೆಮನೆಯ ಭಾಗವು ಐದು ಅಂತಸ್ತುಗಳಷ್ಟಿದೆ. ನೆತ್ತಿಯ ಸಮತಟ್ಟು ಜಾಗವನ್ನು ಮುಖ್ಯ ಕೊಠಡಿಗಳಿಗೆ ಮೀಸಲಿರಿಸಿ, ಸೇವಾ ವಿಭಾಗಗಳನ್ನು ಇಳಿಜಾರಿನ ಕಡೆಗೆ ಕೆಳಮುಖವಾಗಿ ಜೋಡಿಸಿರುವುದು ಬೆಟ್ಟದ ಸ್ವರೂಪಕ್ಕೆ ಹೊಂದಿಕೊಂಡ ಯೋಜನೆಯಾಗಿದೆ.

ಹೊರಭಾಗದಲ್ಲಿ ಗಮನಿಸಬೇಕಾದ ಅಂಶಗಳು ಇಂತಿವೆ :

• ಇಡೀ ಕಟ್ಟಡದ ಮೇಲೆ ಎದ್ದುಕಾಣುವ ಚೌಕಾಕಾರದ ಗೋಪುರ ಹಾಗೂ ಮೂಲೆಗಳಲ್ಲಿರುವ ಕಿರುಗೋಪುರಗಳು;
• ಹಿಮ ಮತ್ತು ಮಳೆನೀರು ನಿಲ್ಲದೆ ಜಾರಿಹೋಗುವಂತೆ ಕಡಿದಾದ ಇಳಿಜಾರಿನಲ್ಲಿ ಹಂಚು ಹೊದಿಸಿದ ಮಾಡು;
• ಮಾಡಿನ ತುದಿಗಳಲ್ಲಿರುವ ತ್ರಿಕೋನಾಕಾರದ ಕಲ್ಲಿನ ಮುಖಗಳು;
• ಕೊಠಡಿಗಳ ಮುಂದೆ ಸಾಗುವ ಕಮಾನುಗಳ ಮೊಗಸಾಲೆಗಳು;
• ಬೆಳಕನ್ನು ಹೆಚ್ಚಾಗಿ ಒಳಬಿಡುವ, ಕಲ್ಲಿನ ಪಟ್ಟಿಗಳಿಂದ ವಿಭಾಗಿಸಿದ ದೊಡ್ಡ ಕಿಟಕಿಗಳು.

ಇವುಗಳಲ್ಲಿ ಮೊಗಸಾಲೆಯು ವಿಶೇಷವಾದುದು. ಇಂಗ್ಲೆಂಡಿನ ಮೂಲ ಮಾದರಿಯ ಮನೆಗಳಲ್ಲಿ ಇಂತಹ ವಿಶಾಲ ಮೊಗಸಾಲೆಗಳು ಸಾಮಾನ್ಯವಲ್ಲ. ಬಿಸಿಲು ಮಳೆಗಳೆರಡೂ ತೀವ್ರವಾಗಿರುವ ಭಾರತದ ಹವಾಮಾನಕ್ಕೆ ತಕ್ಕಂತೆ ಹೊರಗಿನಿಂದ ಬಂದ ಶೈಲಿಯನ್ನು ಇಲ್ಲಿ ಮಾರ್ಪಡಿಸಿಕೊಳ್ಳಲಾಗಿದೆ. ಭವನದ ಸುತ್ತಲೂ ವಿಶಾಲವಾದ ಹುಲ್ಲುಹಾಸು, ಹೂದೋಟ ಹಾಗೂ ದೇವದಾರು ಮರಗಳ ಕಾಡು ಇವೆ. 1927ರಲ್ಲಿ ಸಾರ್ವಜನಿಕ ಪ್ರವೇಶ ಕಟ್ಟಡವನ್ನು ಸೇರಿಸಲಾಯಿತು.

ಒಳಾಂಗಣ

ಮುಖ್ಯದ್ವಾರದ ಮೂಲಕ ಒಳಬಂದವರನ್ನು ಮೂರು ಅಂತಸ್ತುಗಳಷ್ಟು ಎತ್ತರದ ವಿಶಾಲ ಹಜಾರವು ಎದುರುಗೊಳ್ಳುತ್ತದೆ. ಹಜಾರದ ಸುತ್ತಲೂ ಮೇಲಂತಸ್ತುಗಳ ಪಡಸಾಲೆಗಳಿದ್ದು, ಗೋಡೆಗಳಿಗೆ ತೇಗದ ಹಲಗೆಗಳನ್ನು ಹೊದಿಸಲಾಗಿದೆ. ಇಲ್ಲಿಂದಲೇ ತೇಗದ ದೊಡ್ಡ ಮೆಟ್ಟಿಲುಸಾಲು ಮೇಲಕ್ಕೆ ಏರುತ್ತದೆ. ಕೆಳಗೆ ನಿಂತು ನೋಡಿದಲ್ಲಿ ಕಟ್ಟಡದ ಪೂರ್ಣ ಎತ್ತರವು ಒಮ್ಮೆಲೇ ಕಣ್ಣಿಗೆ ಬೀಳುವಂತೆ ಇದನ್ನು ಯೋಜಿಸಲಾಗಿದೆ.

ಮರಗೆಲಸಕ್ಕೆ ಮೂರು ಬಗೆಯ ಮರಗಳನ್ನು ಬಳಸಲಾಗಿದೆ : ಬರ್ಮಾದಿಂದ ತರಿಸಿದ ತೇಗ, ಸ್ಥಳೀಯವಾಗಿ ದೊರೆಯುವ ದೇವದಾರು ಮತ್ತು ಆಕ್ರೋಟು ಮರ. ಕೆಲವು ಕೊಠಡಿಗಳ ಒಳಮಾಡಿಗೆ ಕಾಶ್ಮೀರದ ಆಕ್ರೋಟು ಮರದ ಕೆತ್ತನೆಯ ಕೆಲಸವನ್ನು ಮಾಡಿಸಲಾಗಿದೆ. ಪೀಠೋಪಕರಣ ಮತ್ತು ಅಲಂಕಾರದ ಸಾಮಗ್ರಿಗಳು ಲಂಡನ್ನಿನ ಮೇಪಲ್ಸ್ ಸಂಸ್ಥೆಯಿಂದ ಬಂದವು. ನೃತ್ಯಶಾಲೆ, ಔತಣಶಾಲೆ, ವಿಧ್ಯುಕ್ತ ಸ್ವಾಗತ ಕೊಠಡಿ ಹಾಗೂ ಸಭಾ ಕೊಠಡಿ ಕೆಳ ಅಂತಸ್ತಿನ ಮುಖ್ಯ ಭಾಗಗಳಾಗಿದ್ದವು. ಔತಣಶಾಲೆಯ ಗೋಡೆಗಳನ್ನು ಹಿಂದಿನ ಗವರ್ನರ್ ಜನರಲ್ ಮತ್ತು ವೈಸರಾಯ್‌ಗಳ ವಂಶಲಾಂಛನಗಳಿಂದ ಅಲಂಕರಿಸಲಾಗಿತ್ತು.

ನೆಲಮಾಳಿಗೆಯಲ್ಲಿ ಅಡುಗೆಮನೆ, ದಾಸ್ತಾನು ಕೊಠಡಿಗಳು, ಪಿಂಗಾಣಿ ಮತ್ತು ಬೆಳ್ಳಿ ಪಾತ್ರೆಗಳನ್ನಿಡುವ ಕೊಠಡಿಗಳು ಹಾಗೂ ಬಟ್ಟೆ ಒಗೆಯುವ ವಿಭಾಗ ಇದ್ದವು. ಬಂಡೆಗೆ ಬಡಿದು ಬಟ್ಟೆ ಒಗೆಯುವ ರೂಢಿಯ ಅಗಸರಿಗೆ ಈ ಹೊಸ ಏರ್ಪಾಟು ಹಿಡಿಸಲಾರದೆಂದು ಲೇಡಿ ಡಫರಿನ್ ತಮ್ಮ ದಿನಚರಿಯಲ್ಲಿ ಹಾಸ್ಯವಾಗಿ ದಾಖಲಿಸಿದ್ದಾರೆ.

ಬೆಳಕು, ನೀರು ಮತ್ತು ಅಗ್ನಿ ಸುರಕ್ಷತೆ

ಕಟ್ಟಡದ ಕಲ್ಲು ಕೆತ್ತನೆಗಳಷ್ಟೇ ಮಹತ್ವವುಳ್ಳವು, ಕಣ್ಣಿಗೆ ಬೀಳದ ಅದರ ತಾಂತ್ರಿಕ ವ್ಯವಸ್ಥೆಗಳು.

ವಿದ್ಯುತ್ ದೀಪ : 1888ರಲ್ಲಿಯೇ ಭವನಕ್ಕೆ ವಿದ್ಯುತ್ ದೀಪಗಳನ್ನು ಅಳವಡಿಸಲಾಗಿತ್ತು. ಶಿಮ್ಲಾ ಪಟ್ಟಣಕ್ಕೆ ವಿದ್ಯುತ್ ದೊರೆಯುವುದಕ್ಕೆ ಬಹಳ ಮೊದಲೇ ಭವನವು ತನ್ನದೇ ಆದ ಉಗಿಯಂತ್ರದ ನೆರವಿನಿಂದ ವಿದ್ಯುತ್ತನ್ನು ಉತ್ಪಾದಿಸಿಕೊಳ್ಳುತ್ತಿತ್ತು. ಗುಂಡಿಯೊಂದನ್ನು ಒತ್ತಿದೊಡನೆ ದೀಪ ಬೆಳಗುವುದು ಲೇಡಿ ಡಫರಿನ್ ಅವರಿಗೆ ಬಹು ಸಂತೋಷದ ಸಂಗತಿಯಾಗಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪಗಳು ಬಂದುದು 1905ರಲ್ಲಿ ಎಂಬುದನ್ನು ನೆನೆದರೆ ಇದರ ಹೊಸತನ ಮನದಟ್ಟಾಗುತ್ತದೆ.

ನೀರಿನ ಸಂಗ್ರಹ : ಬೆಟ್ಟದ ನೆತ್ತಿಯ ಕಟ್ಟಡಕ್ಕೆ ಮೇಲಿನಿಂದ ಹರಿದುಬರುವ ನೀರಿನ ಮೂಲವಿರುವುದಿಲ್ಲ. ಆದ್ದರಿಂದ ಹುಲ್ಲುಹಾಸುಗಳ ಅಡಿಯಲ್ಲಿ ದೊಡ್ಡ ನೆಲದೊಟ್ಟಿಗಳನ್ನು ನಿರ್ಮಿಸಿ ಮಳೆನೀರನ್ನು ಸಂಗ್ರಹಿಸುವ ವ್ಯವಸ್ಥೆ ಮಾಡಲಾಯಿತು. ಇಂದು ನಗರಗಳಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರು ಕೊಯ್ಲಿನ ಬಗ್ಗೆ ತಿಳಿವಳಿಕೆ ನೀಡಲಾಗುತ್ತಿದೆ. ಅದೇ ತತ್ತ್ವವು ಇಲ್ಲಿ ಒಂದು ಶತಮಾನಕ್ಕೂ ಹಿಂದೆ ದೊಡ್ಡ ಪ್ರಮಾಣದಲ್ಲಿ ಕಾರ್ಯಗತವಾಗಿತ್ತು.

ಅಗ್ನಿ ಸುರಕ್ಷತೆ : ಒಳಭಾಗದಲ್ಲಿ ಅಪಾರವಾಗಿ ಮರವನ್ನು ಬಳಸಿರುವುದರಿಂದ ಬೆಂಕಿಯ ಭಯ ಸಹಜವಾಗಿತ್ತು. ಇದಕ್ಕಾಗಿ ನೀರಿನ ಕೊಳವೆಗಳನ್ನು ಅಳವಡಿಸಿ ಅವುಗಳ ಬಾಯಿಗೆ ಮೇಣವನ್ನು ಮುಚ್ಚಲಾಗಿತ್ತು. ಬೆಂಕಿ ಬಿದ್ದಲ್ಲಿ ಶಾಖಕ್ಕೆ ಮೇಣ ಕರಗಿ ನೀರು ತಾನಾಗಿಯೇ ಹೊರಚಿಮ್ಮುವುದು ಈ ಏರ್ಪಾಟಿನ ಕ್ರಮ.

ಈ ಎಚ್ಚರಿಕೆ ಅನಗತ್ಯವಾದುದಾಗಿರಲಿಲ್ಲ ಎಂಬುದನ್ನು ಶಿಮ್ಲಾದ ಇತಿಹಾಸವೇ ತೋರಿಸುತ್ತದೆ. ಹಿಂದಿನ ವೈಸರಾಯ್‌ಗಳ ನಿವಾಸವಾಗಿದ್ದ ಪೀಟರ್‌ಹಾಫ್ 1981ರಲ್ಲಿ ಬೆಂಕಿಗೆ ಆಹುತಿಯಾಯಿತು. ಇನ್ನೊಂದು ಪ್ರಸಿದ್ಧ ಪಾರಂಪರಿಕ ಕಟ್ಟಡವಾದ ಗಾರ್ಟನ್ ಕ್ಯಾಸಲ್ 2014ರ ಜನವರಿಯಲ್ಲಿ ಬೆಂಕಿಯಿಂದ ತೀವ್ರ ಹಾನಿಗೊಳಗಾಯಿತು.

ಹೆನ್ರಿ ಇರ್ವಿನ್ ಮತ್ತು ಮೈಸೂರು ಅರಮನೆ

ಶಿಮ್ಲಾದಲ್ಲಿ ಹೆನ್ರಿ ಇರ್ವಿನ್ ಅವರ ಕೆಲಸ ಈ ಭವನವೊಂದಕ್ಕೇ ಸೀಮಿತವಾಗಿರಲಿಲ್ಲ. 1887ರಲ್ಲಿ ಆರಂಭಗೊಂಡ ಗೇಯ್ಟಿ ರಂಗಮಂದಿರವನ್ನೊಳಗೊಂಡ ಪುರಭವನವೂ ಅವರದೇ ವಿನ್ಯಾಸ. ತರುವಾಯ ಅವರು ಮದರಾಸು ಸರ್ಕಾರದ ಸೇವೆಗೆ ತೆರಳಿ, 1892ರಲ್ಲಿ ಪೂರ್ಣಗೊಂಡ ಮದರಾಸು ಉಚ್ಚ ನ್ಯಾಯಾಲಯದ ಕಟ್ಟಡವೂ ಸೇರಿದಂತೆ ಹಲವು ಪ್ರಮುಖ ಕಟ್ಟಡಗಳ ನಿರ್ಮಾಣದಲ್ಲಿ ಪಾತ್ರ ವಹಿಸಿದರು.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಸಿಲುಕಿ ಹಾಳಾಯಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ವಿನ್ಯಾಸದ ಹೊಣೆಯನ್ನು ಇರ್ವಿನ್ ಅವರಿಗೆ ಒಪ್ಪಿಸಿದರು. 1912ರಲ್ಲಿ ಪೂರ್ಣಗೊಂಡ ಆ ಅರಮನೆಗೆ ತಗುಲಿದ ವೆಚ್ಚ 41,47,913 ರೂಪಾಯಿ.

ಎರಡೂ ಭವನಗಳನ್ನು ಒಟ್ಟಿಗೆ ಪರಿಶೀಲಿಸಿದಲ್ಲಿ ಹೊರರೂಪದಲ್ಲಿ ಹೋಲಿಕೆ ಕಾಣುವುದಿಲ್ಲ. ಶಿಮ್ಲಾದ ಭವನವು ಆಳುವವರ ತಾಯ್ನಾಡಿನ ಶೈಲಿಯಲ್ಲಿದ್ದರೆ, ಮೈಸೂರಿನ ಅರಮನೆಯಲ್ಲಿ ಹಿಂದೂ, ಇಸ್ಲಾಮೀ ಹಾಗೂ ಐರೋಪ್ಯ ಶೈಲಿಗಳ ಮಿಶ್ರಣವಿದೆ. ಮೈಸೂರಿನಲ್ಲಿ ಬೆಂಕಿಯ ಅನುಭವದ ನಂತರ ಮರದ ರಚನೆಗೆ ಬದಲಾಗಿ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಕ್ಕೆ ಪ್ರಾಶಸ್ತ್ಯ ನೀಡಲಾಯಿತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಿಂದ ಬಂದವು. ಒಬ್ಬನೇ ವಾಸ್ತುಶಿಲ್ಪಿಯು ಸ್ಥಳ, ಹವಾಮಾನ ಮತ್ತು ಕಟ್ಟಿಸುವವರ ಅಪೇಕ್ಷೆಗಳಿಗೆ ಅನುಗುಣವಾಗಿ ಎಷ್ಟು ಭಿನ್ನವಾಗಿ ಕಟ್ಟಬಲ್ಲನೆಂಬುದಕ್ಕೆ ಈ ಎರಡು ಕಟ್ಟಡಗಳು ನಿದರ್ಶನವಾಗಿವೆ.

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಭವನ

ದೇಶದ ಭವಿಷ್ಯಕ್ಕೆ ಸಂಬಂಧಿಸಿದ ಅನೇಕ ಮಾತುಕತೆಗಳಿಗೆ ಈ ಭವನವು ಸಾಕ್ಷಿಯಾಯಿತು. 1921ರ ಮೇ ತಿಂಗಳಿನಲ್ಲಿ ಮಹಾತ್ಮಾ ಗಾಂಧೀಜಿಯವರು ವೈಸರಾಯ್ ಲಾರ್ಡ್ ರೀಡಿಂಗ್ ಅವರನ್ನು ಶಿಮ್ಲಾದಲ್ಲಿ ಭೇಟಿಯಾದರು. ಜನರಿಂದ ಇಷ್ಟು ಎತ್ತರದಲ್ಲಿ, ಇಷ್ಟು ದೂರದಲ್ಲಿ ಕುಳಿತು ನಡೆಸುವ ಆಡಳಿತಕ್ಕೆ ಜನರ ಕಷ್ಟ ಕೇಳಿಸಲಾರದೆಂಬುದು ಗಾಂಧೀಜಿಯವರ ಟೀಕೆಯಾಗಿತ್ತು.

1945ರ ಜೂನ್ 25ರಂದು ವೈಸರಾಯ್ ಲಾರ್ಡ್ ವೇವೆಲ್ ಇಲ್ಲಿ ಭಾರತೀಯ ನಾಯಕರ ಸಮ್ಮೇಳನವನ್ನು ಕರೆದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಮೌಲಾನಾ ಅಬುಲ್ ಕಲಾಂ ಆಜಾದ್, ಮುಸ್ಲಿಂ ಲೀಗಿನ ಮಹಮ್ಮದ್ ಅಲಿ ಜಿನ್ನಾ, ಸಿಖ್ ನಾಯಕ ಮಾಸ್ಟರ್ ತಾರಾಸಿಂಗ್ ಮೊದಲಾದವರು ಭಾಗವಹಿಸಿದ್ದರು. ಗಾಂಧೀಜಿಯವರು ಶಿಮ್ಲಾಕ್ಕೆ ಬಂದಿದ್ದರೂ ಸಮ್ಮೇಳನದ ಸದಸ್ಯರಾಗಿ ಕುಳಿತುಕೊಳ್ಳಲಿಲ್ಲ. ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯ ಮುಸ್ಲಿಂ ಸದಸ್ಯರೆಲ್ಲರನ್ನೂ ಸೂಚಿಸುವ ಹಕ್ಕು ಲೀಗಿಗೆ ಮಾತ್ರ ಇರಬೇಕೆಂಬ ಬೇಡಿಕೆಯ ಬಗ್ಗೆ ಒಮ್ಮತ ಮೂಡದೆ ಜುಲೈ 14ರಂದು ಸಮ್ಮೇಳನವು ವಿಫಲವಾಗಿ ಮುಕ್ತಾಯಗೊಂಡಿತು. 1946ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಸಚಿವರ ನಿಯೋಗವು ಕಾಂಗ್ರೆಸ್ ಮತ್ತು ಲೀಗ್ ನಾಯಕರೊಡನೆ ಶಿಮ್ಲಾದಲ್ಲಿ ನಡೆಸಿದ ಮಾತುಕತೆಯೂ ಫಲಿಸಲಿಲ್ಲ.

1947ರ ಮೇ ತಿಂಗಳಿನಲ್ಲಿ ಭವನವು ಮತ್ತೊಂದು ನಿರ್ಣಾಯಕ ಘಟ್ಟವನ್ನು ಕಂಡಿತು. ಅಂದಿನ ವೈಸರಾಯ್ ಲಾರ್ಡ್ ಮೌಂಟ್‌ಬ್ಯಾಟನ್ ಅವರು ಅಧಿಕಾರ ಹಸ್ತಾಂತರದ ಕರಡು ಯೋಜನೆಯನ್ನು, ತಮ್ಮ ಅತಿಥಿಯಾಗಿದ್ದ ಜವಾಹರಲಾಲ್ ನೆಹರೂ ಅವರಿಗೆ ಮೇ 10ರ ರಾತ್ರಿ ತೋರಿಸಿದರು. ಪ್ರಾಂತಗಳು ಪ್ರತ್ಯೇಕವಾಗಿ ಉಳಿಯಲು ಅವಕಾಶ ನೀಡುವ ಈ ಯೋಜನೆಯಿಂದ ದೇಶವು ಹಲವು ತುಂಡುಗಳಾಗಬಹುದೆಂದು ನೆಹರೂ ತೀವ್ರವಾಗಿ ವಿರೋಧಿಸಿದರು. ಮರುದಿನವೇ ಹಿರಿಯ ಅಧಿಕಾರಿ ವಿ.ಪಿ. ಮೆನನ್ ಅವರು ಹೊಸ ಕರಡನ್ನು ಸಿದ್ಧಪಡಿಸಿದರು. ಅದನ್ನು ಆಧರಿಸಿದ ಯೋಜನೆಯು 1947ರ ಜೂನ್ 3ರಂದು ಪ್ರಕಟವಾಯಿತು. ದೇಶ ವಿಭಜನೆಯ ಮತ್ತು ಸ್ವಾತಂತ್ರ್ಯದ ಹಾದಿಯನ್ನು ನಿರ್ಧರಿಸಿದ ಪ್ರಮುಖ ತಿರುವು ಹೀಗೆ ಈ ಬೆಟ್ಟದ ಮೇಲೆ ಸಂಭವಿಸಿತು.

ಸ್ಪಷ್ಟೀಕರಣ : 1972ರ ಭಾರತ–ಪಾಕಿಸ್ತಾನ ಶಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದುದು ಈ ಭವನದಲ್ಲಿ ಎಂಬ ತಿಳಿವಳಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ಆ ಒಪ್ಪಂದಕ್ಕೆ ಸಹಿ ಮಾಡಿದುದು ಬಾರ್ನ್ಸ್ ಕೋರ್ಟ್ ಎಂಬ ಬೇರೊಂದು ಕಟ್ಟಡದಲ್ಲಿ.

ನಿವಾಸದಿಂದ ಅಧ್ಯಯನ ಕೇಂದ್ರಕ್ಕೆ

ಸ್ವಾತಂತ್ರ್ಯಾನಂತರ ಭವನವು ರಾಷ್ಟ್ರಪತಿಗಳ ಬೇಸಿಗೆಯ ನಿವಾಸವಾಯಿತು. ಆದರೆ ಸರ್ಕಾರವು ಬೇಸಿಗೆಯಲ್ಲಿ ಬೆಟ್ಟಕ್ಕೆ ಸ್ಥಳಾಂತರಗೊಳ್ಳುವ ಪದ್ಧತಿಯು ನಿಂತುಹೋಗಿದ್ದರಿಂದ ಇಷ್ಟು ದೊಡ್ಡ ಭವನವು ವರ್ಷದ ಬಹುಭಾಗ ಬರಿದಾಗಿರುತ್ತಿತ್ತು. ಬಳಕೆಯಿಲ್ಲದ ಕಟ್ಟಡವು ಬೇಗನೆ ಶಿಥಿಲಗೊಳ್ಳುವುದೂ, ಅದರ ನಿರ್ವಹಣೆಯ ವೆಚ್ಚವು ಜನರ ಮೇಲಿನ ಹೊರೆಯಾಗುವುದೂ ಸರ್ವವಿದಿತ.

ಇದನ್ನು ಉನ್ನತ ವಿದ್ಯಾವ್ಯಾಸಂಗದ ಕೇಂದ್ರವನ್ನಾಗಿ ಮಾಡಬೇಕೆಂಬ ನಿರ್ಧಾರಕ್ಕೆ ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಆಶಯವೇ ಪ್ರೇರಣೆಯಾಯಿತು. ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯನ್ನು 1964ರ ಅಕ್ಟೋಬರ್ 6ರಂದು ನೋಂದಾಯಿಸಲಾಯಿತು. 1965ರ ಅಕ್ಟೋಬರ್ 20ರಂದು ರಾಧಾಕೃಷ್ಣನ್ ಅವರೇ ಇದನ್ನು ಉದ್ಘಾಟಿಸಿದರು. ಇತಿಹಾಸಕಾರರಾದ ನಿಹಾರ್ ರಂಜನ್ ರೇ ಅವರು ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದರು. ಮಾನವಿಕ ವಿಷಯಗಳು ಮತ್ತು ಸಮಾಜ ವಿಜ್ಞಾನಗಳಲ್ಲಿ ಸಂಶೋಧನೆ ನಡೆಸುವ ವಿದ್ವಾಂಸರು ಇಲ್ಲಿ ಫೆಲೋಗಳಾಗಿ ವಾಸಿಸಿ ಗ್ರಂಥ ರಚನೆಯಲ್ಲಿ ತೊಡಗುತ್ತಾರೆ.

ಹಿಂದೆ ನೃತ್ಯಶಾಲೆ, ಔತಣಶಾಲೆ ಮತ್ತು ಸ್ವಾಗತ ಕೊಠಡಿಗಳಾಗಿದ್ದ ಭಾಗಗಳಲ್ಲಿ ಗ್ರಂಥಾಲಯವನ್ನು ಸ್ಥಾಪಿಸಲಾಯಿತು. ಆಹ್ವಾನಿತರಿಗಷ್ಟೇ ಪ್ರವೇಶವಿದ್ದ ಕೊಠಡಿಗಳು ಓದುವವರ ಪಾಲಿಗೆ ತೆರೆದುಕೊಂಡದ್ದು ಈ ಭವನದ ಇತಿಹಾಸದಲ್ಲಿ ಅತ್ಯಂತ ಮಹತ್ವದ ಬದಲಾವಣೆಯಾಗಿದೆ.

ಸಂರಕ್ಷಣೆ : ಕಟ್ಟಡ ಮತ್ತು ಬೆಟ್ಟ

ಬೆಟ್ಟದ ಮೇಲಿನ ಪಾರಂಪರಿಕ ಕಟ್ಟಡದ ರಕ್ಷಣೆಯೆಂದರೆ ಗೋಡೆ ಮಾಡುಗಳ ದುರಸ್ತಿ ಮಾತ್ರವಲ್ಲ. ಅದನ್ನು ಹೊತ್ತಿರುವ ಬೆಟ್ಟದ ರಕ್ಷಣೆಯೂ ಅಷ್ಟೇ ಮುಖ್ಯವಾದುದು. 2023ರ ಆಗಸ್ಟ್ 14ರಂದು ಭಾರಿ ಮಳೆಯಿಂದಾಗಿ ಭವನಕ್ಕೆ ಸಮೀಪದ ಸಮ್ಮರ್ ಹಿಲ್ ಪ್ರದೇಶದಲ್ಲಿ ಭೂಕುಸಿತ ಸಂಭವಿಸಿ ಶಿವ ದೇವಾಲಯವೊಂದು ಕೊಚ್ಚಿಹೋಯಿತು. ಪೂಜೆಗೆಂದು ಸೇರಿದ್ದವರೂ ಸೇರಿದಂತೆ 20 ಮಂದಿ ಪ್ರಾಣ ಕಳೆದುಕೊಂಡರು. ಕಾಲ್ಕಾ–ಶಿಮ್ಲಾ ರೈಲು ಮಾರ್ಗದ ಒಂದು ಭಾಗದ ಕೆಳಗಿನ ನೆಲವೇ ಕುಸಿದು ಹಳಿಗಳು ಗಾಳಿಯಲ್ಲಿ ತೂಗಾಡುವಂತಾಯಿತು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಾರ್ಗವಿದು.

ಬೆಟ್ಟದ ಮೇಲೆ ಬಿದ್ದ ಮಳೆನೀರು ನೆಲದೊಳಗೆ ಮಿತಿಮೀರಿ ಇಂಗಿದಾಗ ಮಣ್ಣಿನ ತೂಕ ಹೆಚ್ಚಿ ಅದರ ಹಿಡಿತ ಸಡಿಲಗೊಳ್ಳುತ್ತದೆ. ಆದ್ದರಿಂದ ಮಾಡಿನ ನೀರು ಎಲ್ಲಿಗೆ ಹೋಗುತ್ತದೆ, ಚರಂಡಿಗಳು ಎಲ್ಲಿ ಮುಚ್ಚಿವೆ, ತಡೆಗೋಡೆಗಳ ನೀರುಗಂಡಿಗಳು ತೆರೆದಿವೆಯೇ ಎಂಬ ಸಣ್ಣ ವಿಷಯಗಳು ಕಟ್ಟಡದ ಆಯುಷ್ಯವನ್ನೂ ಕೆಳಗೆ ವಾಸಿಸುವವರ ಪ್ರಾಣವನ್ನೂ ನಿರ್ಧರಿಸಬಲ್ಲವು. ಕೊಡಗು, ಚಿಕ್ಕಮಗಳೂರು ಮುಂತಾದ ಮಲೆನಾಡಿನ ಜಿಲ್ಲೆಗಳಲ್ಲಿ ಗುಡ್ಡದ ಮೇಲೆ ಹಳೆಯ ಮನೆ, ಬಂಗಲೆಗಳನ್ನು ಹೊಂದಿರುವವರಿಗೂ ಈ ಮಾತು ಅನ್ವಯಿಸುತ್ತದೆ. ಅಂತಹ ಕಟ್ಟಡಗಳ ದುರಸ್ತಿಗೆ ಅನುಮತಿ ಕೋರುವ ಮುನ್ನ ಮಾಲೀಕರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು :

1. ಕಟ್ಟಡದ ಈಗಿನ ಸ್ಥಿತಿಯನ್ನು ಛಾಯಾಚಿತ್ರ ಮತ್ತು ಅಳತೆಯ ನಕ್ಷೆಗಳ ಮೂಲಕ ದಾಖಲಿಸಿಕೊಳ್ಳುವುದು.
2. ಮಳೆಗಾಲಕ್ಕೆ ಮುನ್ನ ಮಾಡು, ದೋಣಿ ಮತ್ತು ಚರಂಡಿಗಳನ್ನು ಪರಿಶೀಲಿಸಿ ಶುಚಿಗೊಳಿಸುವುದು.
3. ಗಾರೆಯ ಗೋಡೆಗಳಿಗೆ ಸಿಮೆಂಟು ಬಳಿಯುವ ಮುನ್ನ ಪರಿಣತರ ಸಲಹೆ ಪಡೆಯುವುದು. ಗಾರೆಯಲ್ಲಿ ಸೇರಿದ ತೇವವು ಸಿಮೆಂಟಿನ ಹೊದಿಕೆಯಿಂದಾಗಿ ಹೊರಹೋಗಲಾರದೆ ಗೋಡೆಗೆ ಹಾನಿಯಾಗುತ್ತದೆ.
4. ಹಳೆಯ ವಿದ್ಯುತ್ ತಂತಿಗಳನ್ನು ಪರೀಕ್ಷಿಸಿ ಬದಲಾಯಿಸುವುದು.
5. ಕಟ್ಟಡವು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಸಮೀಪದಲ್ಲಿದ್ದರೆ, ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವೂ, ಅದರಾಚೆ ಮತ್ತೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶವೂ ಇರುವುದರಿಂದ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದ ನಂತರವೇ ಕಾಮಗಾರಿ ಕೈಗೊಳ್ಳುವುದು.

ವೀಕ್ಷಕರ ಗಮನಕ್ಕೆ

• ಕಾಲ್ಕಾ–ಶಿಮ್ಲಾ ಕಿರುಮಾರ್ಗದ ಸಮ್ಮರ್ ಹಿಲ್ ನಿಲ್ದಾಣವು ಭವನಕ್ಕೆ ಸಮೀಪದಲ್ಲಿದೆ. ನಗರದ ಮಧ್ಯಭಾಗದಿಂದ ಬಾಲೂಗಂಜ್ ಮಾರ್ಗವಾಗಿಯೂ ತಲುಪಬಹುದು. ಕೊನೆಯ ಭಾಗವು ಏರುದಾರಿಯಾಗಿರುವುದರಿಂದ ಹಿರಿಯ ನಾಗರಿಕರು ಸಾಕಷ್ಟು ಕಾಲಾವಕಾಶ ಇಟ್ಟುಕೊಳ್ಳತಕ್ಕದ್ದು.
• ನಿಗದಿತ ಶುಲ್ಕ ಪಾವತಿಸಿದವರಿಗೆ ಭವನದ ಕೆಲವು ಕೊಠಡಿಗಳನ್ನು ಮಾರ್ಗದರ್ಶಕರ ಜೊತೆ ತಂಡಗಳಲ್ಲಿ ತೋರಿಸಲಾಗುತ್ತದೆ. ಸಮಯ, ಶುಲ್ಕ ಮತ್ತು ರಜಾದಿನಗಳು ಬದಲಾಗುವ ಸಾಧ್ಯತೆಯಿರುವುದರಿಂದ ಪ್ರವಾಸಕ್ಕೆ ಮುನ್ನ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುವುದು.
• ಇದು ಸಂಶೋಧಕರು ವಾಸಿಸಿ ಕೆಲಸ ಮಾಡುವ ಸ್ಥಳವಾದ್ದರಿಂದ ಆವರಣದಲ್ಲಿ ಶಾಂತಿ ಕಾಪಾಡತಕ್ಕದ್ದು. ಮರದ ಹೊದಿಕೆ, ಪೀಠೋಪಕರಣ ಹಾಗೂ ಕೆತ್ತನೆಗಳನ್ನು ಮುಟ್ಟಬಾರದು.
• ಸಂಸ್ಥೆಯ ಫೆಲೋಶಿಪ್ ಪಡೆಯಲು ಇಚ್ಛಿಸುವ ಸಂಶೋಧಕರು ಸಂಸ್ಥೆಯ ಪ್ರಕಟಣೆಯಲ್ಲಿ ತಿಳಿಸಿರುವ ನಿಯಮಗಳಂತೆ ನೇರವಾಗಿ ಸಂಸ್ಥೆಗೇ ಅರ್ಜಿ ಸಲ್ಲಿಸಬೇಕು.

ಒಬ್ಬ ಅಧಿಕಾರಿಯ ಬೇಸಿಗೆಯ ವಾಸಕ್ಕಾಗಿ ಸಾರ್ವಜನಿಕ ಹಣದಿಂದ ಕಟ್ಟಲಾದ ಭವನವು ಇಂದು ಸಾರ್ವಜನಿಕರ ಆಸ್ತಿಯಾಗಿ ಉಳಿದಿದೆ. ಕಟ್ಟಿದವರ ಜಾಣ್ಮೆ, ಸಕಾಲಿಕ ನಿರ್ವಹಣೆ ಮತ್ತು ಸೂಕ್ತವಾದ ಹೊಸ ಬಳಕೆ ಎಂಬ ಮೂರು ಕಾರಣಗಳಿಂದ ಇದು ಸಾಧ್ಯವಾಗಿದೆ. ನಮ್ಮ ನಾಡಿನ ಹಳೆಯ ಅರಮನೆ, ಬಂಗಲೆ, ವಾಡೆ ಹಾಗೂ ತೊಟ್ಟಿಮನೆಗಳ ಉಳಿವಿಗೂ ಇವೇ ಆಧಾರವಾಗಿದ್ದು, ಈ ಕಾರ್ಯದಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.